ಬಾವಿಗೆ ಬೆನ್ನು ಕೊಟ್ಟು ಕೂತ ದಿನಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಿಂಚೋಳಿಯ ಮೈದಾನಕ್ಕೆ ಒಂದು ಮುಂಜಾನೆ ಓಡುವವರಲ್ಲಿ ಒಬ್ಬರೂ ಬರಲಿಲ್ಲ. ನಿವೃತ್ತ ಹವಾಲ್ದಾರ ಮಾಸ್ತರೊಬ್ಬರು ಕೊರಳಿಗೆ ಸೀಟಿ ಹಾಕಿಕೊಂಡು, ಒಂದು ನಾಯಿ ಮತ್ತು ಎರಡು ಎಮ್ಮೆಗಳ ಎದುರು ನೆಟ್ಟಗೆ ಬಹಳ ಹೊತ್ತು ನಿಂತಿದ್ದರು. ಅದಕ್ಕೆ ಕಾರಣ ಮಳೆಯಲ್ಲ, ಹಬ್ಬವಲ್ಲ, ಬಂದ್ ಅಲ್ಲ. ನಾನು. ಮಾಸ್ತರ ದನಿಯಲ್ಲಿ ಮಾತಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, "ನಾಳಿಂದ ಓಟ ಬಂದ್" ಅಂತ ಕಳಿಸಿದವನು ನಾನೇ. ಕಳಿಸಿದ್ದು ಒಬ್ಬಳಿಗೆ, ಹೋಗಿದ್ದು ಎಲ್ಲರಿಗೆ. ಯಾಕೆ ಕಳಿಸಿದೆ ಅನ್ನೋದು ಕೇಳಿದರೆ ನೀವು ನನ್ನನ್ನು ಅರ್ಧ ಮಾಫ್ ಮಾಡುತ್ತೀರಿ. ಉಳಿದ ಅರ್ಧವನ್ನು ಮಾಸ್ತರು ಆ ಮೈದಾನದಲ್ಲೇ ನನ್ನಿಂದ ವಸೂಲು ಮಾಡಿಕೊಂಡಿದ್ದಾರೆ.

ನಾನು ಫಿಜಿಯೋಥೆರಪಿಸ್ಟು. ಜನರ ಬಾಯಲ್ಲಿ ಕರೆಂಟ್ ಡಾಕ್ಟರ್, ಏಕೆಂದರೆ ನನ್ನ ಚೀಲದಲ್ಲಿರುವ ಪುಟ್ಟ ಮಶೀನು ನೋವಿದ್ದಲ್ಲಿ ಜುಂ ಜುಂ ಅನ್ನಿಸುತ್ತದೆ. ವಾರಕ್ಕೆ ಐದು ಊರು: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಐದೂ ಕಡೆ ಯಾವುದೋ ಮೆಡಿಕಲ್ ಅಂಗಡಿಯ ಹಿಂದೊಂದು ಕೋಣೆ, ಒಂದು ಮಂಚ, ತಲೆಯಾಡಿಸುವ ಒಂದು ಫ್ಯಾನು. ಊರಿಂದ ಊರಿಗೆ ಬಸ್ಸು, ರೈಲು, ಮೂರು ಗಾಲಿಯ ಟಂಟಂ. "ಪ್ರಯಾಣದಾಗ ಬೆನ್ನು ನೆಟ್ಟಗಿಡ್ರಿ" ಅಂತ ಹೇಳಲಿಕ್ಕೆ ಹೊರಟ ನಾನು ಟಂಟಂನಲ್ಲಿ ಡ್ರೈವರನ ಪಕ್ಕ ಅರ್ಧ ಕುಂಡಿಯ ಮೇಲೆ, ಕುಡುಗೋಲಿನ ಹಾಗೆ ಬಾಗಿ ಕೂತಿರುತ್ತೇನೆ. ಇಳಿದ ಮೇಲೆ ನೆಟ್ಟಗಾಗಿ, ಅಂಗಿ ಜಾಡಿಸಿ, ಡಾಕ್ಟರ್ ಆಗುತ್ತೇನೆ.

ಇನ್ನೊಂದು ಚಟ ಅಣಕ. ರೋಗಿ ಬಾಗಿಲು ದಾಟಿ ಬರುವಷ್ಟರಲ್ಲಿ ಅವರ ನಡಿಗೆ ನನ್ನ ಕಾಲಿಗೆ ಅಂಟಿಕೊಂಡಿರುತ್ತದೆ. ಅವರ ಹಾಗೇ ನಾಲ್ಕು ಹೆಜ್ಜೆ ಹಾಕಿದರೆ ಭಾರ ಎಲ್ಲಿ ಬೀಳುತ್ತಿದೆ ಅಂತ ನನ್ನ ಮೈಗೇ ತಿಳಿಯುತ್ತದೆ. ಇದು ನನ್ನ ವಿದ್ಯೆಯ ಅರ್ಧ. ಬೈಸಿಕೊಳ್ಳುವುದೂ ಇದರಿಂದಲೇ.

ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಚಿಂಚೋಳಿಯ ಪಾಳಿ. ಇಬ್ಬರು ಹೆಣ್ಣುಮಕ್ಕಳು ಬಂದರು. ಮುಂದಿನವಳು ಎಡಗಾಲನ್ನು ಬಿಸಿ ತವೆಯ ಮೇಲೆ ಇಟ್ಟಂತೆ ಇಟ್ಟು ಎತ್ತುತ್ತಿದ್ದಳು. ಹಿಂದೆ ಸೆರಗು ಬಿಗಿದ ವಯಸ್ಸಾದ ಹೆಂಗಸು.

"ಕುಂದರ್ರಿ ಯವ್ವಾ. ಯಾರಿಗೆ ನೋವು?"

"ನನಗ ಮೈಯೆಲ್ಲ ನೋವದ ತಮ್ಮಾ. ಇವತ್ತ ಮಾತ್ರ ಈಕೀದು ನೋಡು. ನನ್ನ ಸೊಸಿ. ಫಾರೆಸ್ಟ್ ಗಾರ್ಡ್ ಆಗ್ತಾಳಂತ."

ಐನಾಪುರದವರು. ಗಂಡ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ, ಹೊಲ ಅತ್ತೆಯ ಸುಪರ್ದಿನಲ್ಲಿತ್ತು. ಸೊಸೆ ಕಾಗದದ ಪರೀಕ್ಷೆ ದಾಟಿದ್ದಳು. ಒಂದೂವರೆ ತಿಂಗಳ ಮೇಲೆ ಬಳ್ಳಾರಿಯಲ್ಲಿ ಮೈಕಸುವಿನ ಪರೀಕ್ಷೆ: ಮೊದಲು ಓಟ, ಮೈದಾನದ ಎರಡು ಸುತ್ತು. ಅದು ದಾಟಿದರೆ ಲಾಂಗ್ ಜಂಪ್. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ಅವಕಾಶ. ಇನ್ನೊಮ್ಮೆ ಅರ್ಜಿ ಹಾಕಲಿಕ್ಕೇ ಬರುವುದಿಲ್ಲ.

ಮಂಚದ ಮೇಲೆ ಕೂರಿಸಿ ಮೊಣಕಾಲಿನ ಕೆಳಗಿನ ಮುಂದಿನ ಎಲುಬನ್ನು ಒಳಬದಿಯಿಂದ ಒತ್ತುತ್ತ ಬಂದೆ. ಓಡುವವರಿಗೆ ಆ ಎಲುಬಿನ ಉದ್ದಕ್ಕೂ ನೋವಿದ್ದರೆ ನಾನು ಅಷ್ಟು ಹೆದರುವುದಿಲ್ಲ. ಸ್ನಾಯು ಎಳೆದು ಎಳೆದು ಬಂದ ನೋವದು. ಅವಳದು ಹಾಗಿರಲಿಲ್ಲ. ಒಂದೇ ಬೆರಳಗಲದ ಜಾಗ. ಅಲ್ಲಿ ಮುಟ್ಟಿದ್ದೇ ನನ್ನ ಕೈಯನ್ನು ಚಟ್ಟನೆ ತಳ್ಳಿಬಿಟ್ಟಳು.

"ಒಂದೇ ಕಾಲಿನ ಮ್ಯಾಲ ಕುಣದು ತೋರಸ್ರಿ." ಒಂದು ಸಲ ಕುಣಿದಳು. ಎರಡನೆಯದಕ್ಕೆ ಮಂಚ ಹಿಡಿದಳು.

"ಎಲ್ಲಿ ಓಡ್ತೀರಿ?"

"ಮೈದಾನ ಎರಿ ಮಣ್ಣಿಂದು. ಮಳ್ಯಾಗ ಬೂಟಿಗೆ ಮೆತ್ತಿ ಕಾಲು ಎತ್ತಲಿಕ್ಕೆ ಬರಂಗಿಲ್ರಿ. ಅದಕ್ಕ ಮಾಸ್ತರು ಸಿಮೆಂಟ್ ರೋಡಿನ ಮ್ಯಾಲ ಓಡಸ್ಲಿಕತ್ತಾರ."

"ಬೂಟು ನಿಮ್ಮವೇ?"

ಅವಳು ನಾಚಿಕೊಂಡಳು. ಅತ್ತೆ ಬೂಟನ್ನು ತಲೆಕೆಳಗು ಮಾಡಿ ಕುಟ್ಟಿದಳು. ತುದಿಯಿಂದ ಹಳೇ ಬನಿಯನ್ನಿನ ಒಂದು ತುಂಡು ಬಿತ್ತು. "ನನ್ನ ಮಗಂದು. ದೊಡ್ಡವಾಗ್ತಾವಂತ ಅರಿವಿ ತುರುಕ್ಯಾಳ."

ಸೇಡಂನ ಎಲುಬಿನ ಡಾಕ್ಟರ ಹತ್ತಿರ ಕಳಿಸಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಶುರುವಿನಲ್ಲಿ ಕಾಣುವುದೂ ಇಲ್ಲ. ಎಲುಬು ದಣಿದಿದೆ, ಇನ್ನೂ ಸೀಳಿಲ್ಲ. ಈಗ ಓಟ ನಿಲ್ಲಿಸಿದರೆ ಉಳಿದೀತು, ಇದೇ ಸಿಮೆಂಟಿನ ಮೇಲೆ ಇನ್ನಷ್ಟು ಓಡಿದರೆ ಬಿರುಕು ಬಿಡುತ್ತದೆ ಅಂದರು ಡಾಕ್ಟರು. ನಾನೂ ಅದನ್ನೇ ಅಂದೆ. ಆದರೆ ಮಾಸ್ತರು ಅಂದದ್ದು ಬೇರೆ: "ಬೂಟಿನ ನೋವದು. ಎಣ್ಣಿ ತಿಕ್ಕು, ಓಡು."

ಮಾಸ್ತರು ಕೆಟ್ಟವರಲ್ಲ. ದುಡ್ಡು ತಗೊಳ್ಳದೆ, ಸೂರ್ಯ ಹುಟ್ಟುವ ಮೊದಲು ಮೈದಾನಕ್ಕೆ ಬಂದು, ಎಷ್ಟೋ ಮಂದಿಗೆ ಖಾಕಿ ತೊಡಿಸಿದವರು. ಹೆಸರು ಹಿಡಿದು ಕರೆಯುವುದಿಲ್ಲ, ಊರು ಹಿಡಿದು ಕರೆಯುತ್ತಾರೆ. ಅವಳು "ಐನಾಪುರ". ಐನಾಪುರಕ್ಕೆ ಮಾಸ್ತರ ಮಾತೇ ಮಾತು. ನಾನು ಚೀಲ ಹೊತ್ತು ತಿರುಗುವ ಜುಂ ಜುಂ ಹುಡುಗ.

ಆಗಲೇ ನನ್ನ ತಲೆಗೆ ಆ ದರಿದ್ರ ಐಡಿಯಾ ಬಂದದ್ದು. ಮೈದಾನದ ಪಕ್ಕ ಹಾದುಹೋಗುವಾಗ ಕೇಳಿ ಕೇಳಿ ಮಾಸ್ತರ ದನಿ ನನಗೆ ಬಾಯಿಪಾಠ. ಮೂಗಿನಿಂದ ಹುಟ್ಟಿ, ಮೀಸೆಯಲ್ಲಿ ಸೋಸಿ, ಕೊನೆಗೆ ಗುಂಡು ಹಾರಿದ ಹಾಗೆ ಬರುವ ದನಿ. ಶಹಾಬಾದಿನ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಕೂತು ರೆಕಾರ್ಡ್ ಮಾಡಿದೆ: "ಏ ಐನಾಪುರ! ನಾಳಿಂದ ಓಟ ಬಂದ್! ನಾ ಹೇಳೋತನ ಮೈದಾನಕ್ಕ ಕಾಲಿಡಬ್ಯಾಡ. ಹುಕುಂ!" ಅದರ ಕೆಳಗೆ, ಮಾಸ್ತರು ನನ್ನ ಫೋನಿನಿಂದ ಹೇಳಿದ್ದಾರೆ ಅಂತ ಬರೆದೆ. ಪಕ್ಕದ ಬೆಂಚಿನಲ್ಲಿದ್ದ ಮುದುಕ ಬೆಚ್ಚಿ ಎದ್ದು ನಿಂತ. ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು.

ಐನಾಪುರ ಪ್ರಾಮಾಣಿಕ ಹುಡುಗಿ. ಉಳಿದವರಿಗೂ ತಿಳಿಯಲಿ ಅಂತ ಆ ಹುಕುಮನ್ನು ಓಟದವರ ಗ್ರೂಪಿಗೆ ದಾಟಿಸಿದಳು. ಮಾರನೆಯ ಮುಂಜಾನೆ ನಾಯಿ, ಎಮ್ಮೆ, ಮಾಸ್ತರು.

ಮುಂದಿನ ಚಿಂಚೋಳಿ ಪಾಳಿಗೆ ಕೋಣೆಯ ಬಾಗಿಲು ತೆಗೆದರೆ ಮಂಚದ ಮೇಲೆ ಮಾಸ್ತರು ಕೂತಿದ್ದರು, ರೋಗಿಯಂತಲ್ಲ, ಕೋರ್ಟ್ ಮಾರ್ಷಲ್ ಮಾಡಲಿಕ್ಕೆ ಬಂದವರಂತೆ.

"ನನ್ನ ದನಿ ಕದ್ದಾಂವ ನೀನೇ ಏನು?"

"ಹೌದ್ರಿ ಮಾಸ್ತರ" ಅಂದೆ. ಗಾಬರಿಗೆ ಅದೂ ಅವರ ದನಿಯಲ್ಲೇ ಬಂದುಬಿಟ್ಟಿತು!

ಮೈದಾನಕ್ಕೆ ಕರೆದೊಯ್ದರು. ಎಲ್ಲರ ಎದುರು ನನ್ನ ಸ್ವಂತ ದನಿಯಲ್ಲಿ ತಪ್ಪೊಪ್ಪಿಗೆ, ಆಮೇಲೆ ಓಟ. ಐದು ಊರು ತಿರುಗಿ, ಟಂಟಂನಲ್ಲಿ ಮುದುರಿ ಮುದುರಿ, ನನ್ನ ಸೊಂಟ ಜಾಮ್ ಆದ ಕಿಟಕಿಯಂತಾಗಿತ್ತು. ಮೊದಲ ಸುತ್ತು ಮುಗಿಯುವ ಮೊದಲೇ ಮೊಣಕಾಲಿಗೆ ಕೈಕೊಟ್ಟು ನಿಂತೆ. ಹುಡುಗರು ನನ್ನ ಓಟವನ್ನು ಅಣಕಿಸಿದರು, ಚೆನ್ನಾಗಿಯೇ ಅಣಕಿಸಿದರು. ಒಬ್ಬನಂತೂ ನನ್ನ ಏದುಸಿರನ್ನು ನನಗಿಂತ ಚಂದ ಬಿಟ್ಟ.

ನಗೆಯೇನೋ ಮುಗಿಯಿತು. ಕೆಟ್ಟದ್ದು ಆಮೇಲೆ ಆಯಿತು. ಐನಾಪುರ ನನ್ನ ಕಡೆ ನೋಡದೆ ಬೂಟು ಬಿಗಿದಳು. ಸುಳ್ಳು ದನಿಯವನು ಹೇಳಿದ ಎಲುಬಿನ ಮಾತೂ ಸುಳ್ಳೇ ಇರಬೇಕಲ್ಲ! ಅವಳ ಲೆಕ್ಕ ತಪ್ಪೆಂದು ನಾನು ಹೇಗೆ ಹೇಳಲಿ? ಸಿಮೆಂಟ್ ರೋಡಿನ ಮೇಲೆ ಟೈಮಿನ ಓಟಕ್ಕೆ ನಿಂತಳು. ತಿರುವಿನ ತನಕ ಚೆನ್ನಾಗಿ ಹೋದಳು. ತಿರುವಿನಿಂದಾಚೆ ಎಡಗಾಲು ಇಟ್ಟದ್ದು ನೆಲಕ್ಕೆ ನಿಲ್ಲಲಿಲ್ಲ. ರೋಡಿನ ಅಂಚಿಗೆ ಕೂತು, ಕಾಲು ಹಿಡಿದುಕೊಂಡು, ದನಿ ಬರದಂತೆ ಅತ್ತಳು.

ನನ್ನ ಕಾಲಿಗೆ ಅಂಟದ ನಡಿಗೆ ಅವತ್ತೊಂದೇ. ಅಣಕಿಸುವ ಮನಸ್ಸೇ ಆಗಲಿಲ್ಲ. ಅವಳನ್ನೂ ಅತ್ತೆಯನ್ನೂ ಮಾಸ್ತರನ್ನೂ ಒಂದೇ ಕಡೆ ಕೂರಿಸಿ ಮಾತಾಡಬೇಕು, ನನ್ನ ದನಿಯಲ್ಲೇ ಮಾತಾಡಬೇಕು ಅಂತ ಅಲ್ಲೇ ನಿರ್ಧಾರ ಮಾಡಿದೆ. ಅತ್ತೆಗೆ ಹೇಳಿಕಳಿಸಿದೆ. ಮೈದಾನದ ಪಕ್ಕದ ಚಹಾದಂಗಡಿಯ ಬೆಂಚು. ಮಾಸ್ತರ ಕೈ ಹಿಡಿದು ಅವಳ ಎಲುಬಿನ ಆ ಬೆರಳಗಲದ ಜಾಗದ ಮೇಲೆ ಇಟ್ಟೆ. ಆಮೇಲೆ ಬಲಗಾಲಿನ ಅದೇ ಜಾಗ ಮುಟ್ಟಿಸಿದೆ. ಎಡದ್ದು ಬಿಸಿ, ಒಂದಿಷ್ಟು ಉಬ್ಬಿದೆ. ಮಾಸ್ತರ ಮೀಸೆ ಇಳಿಯಿತು.

"ಮುರಿತದೇನೋ ಇದು?"

"ಇನ್ನೂ ಮುರಿದಿಲ್ರಿ. ಆದ್ರ ಇವತ್ತಿನಿಂದ ನೆಲದ ಮ್ಯಾಲ ಒಂದ್ ಹೆಜ್ಜಿನೂ ಓಡಬಾರದು."

"ಓಡದಿದ್ರ ದಮ್ಮ ಹೋಗ್ತದ. ದಮ್ಮ ಹೋದ್ರ ಬಳ್ಳಾರ್ಯಾಗ ಏನ್ ಮಾಡ್ತಾಳ, ಭಜನಿ?"

ಇದು ನ್ಯಾಯವಾದ ಪ್ರಶ್ನೆ. ಎಲುಬು ಉಳಿಸಿ ದಮ್ಮು ಕಳೆದರೆ ಕೊನೆಯ ಅವಕಾಶವೂ ಹೋದಂತೆಯೇ. ಇದಕ್ಕೆ ಉತ್ತರ ಕಾಲೇಜಿನಲ್ಲಿ ಕಲಿತಿದ್ದೆ: ಆಳದ ನೀರಿನಲ್ಲಿ ನೆಟ್ಟಗೆ ತೇಲುತ್ತ ಓಡುವುದು. ಕಾಲು ತಳಕ್ಕೆ ತಾಗುವುದಿಲ್ಲ, ಎಲುಬಿಗೆ ಹೊಡೆತವಿಲ್ಲ, ಆದರೆ ಎದೆ ಮಾತ್ರ ಪೂರಾ ದುಡಿಯುತ್ತದೆ. ಆ ಕಾಲೇಜಿನ ಊರಿನಲ್ಲಿ ನೀಲಿ ಈಜುಕೊಳ ಇತ್ತು. ನಮ್ಮ ಐದೂ ಊರಲ್ಲಿ ನನಗೆ ಗೊತ್ತಿದ್ದ ನೀರೆಂದರೆ ಶಹಾಬಾದಿನ ಸುತ್ತಿನ ಹಳೇ ಕಲ್ಲುಖಣಿಗಳ ನೀರು. ಮಾಸ್ತರು ಅದನ್ನು ಕೇಳಿದ್ದೇ ಬೆರಳು ಎತ್ತಿದರು: "ಖಣಿ ಬ್ಯಾಡ. ಭಂಕೂರ ಕಡೀಗೆ ನೋಡೀನಿ. ಗ್ವಾಡಿ ಕಡದಂಗ ಕಡದಿರ್ತಾರ, ಹತ್ತಲಿಕ್ಕೆ ಮೆಟ್ಟಲಿರಂಗಿಲ್ಲ." ಸರಿಯಾದ ಮಾತು.

ಆಗ ನನ್ನ ಹುಡುಗತನ ನೆನಪಾಯಿತು. ನಾನು ಮುಧೋಳದವನು, ಸೇಡಂ ತಾಲ್ಲೂಕಿನ ಮುಧೋಳ. ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಸೊಂಟಕ್ಕೆ ಖಾಲಿ ಡಬ್ಬಿ ಕಟ್ಟಿಕೊಂಡು. ಡಬ್ಬಿ ಕಟ್ಟಿದರೆ ಮನುಷ್ಯ ನೀರಲ್ಲಿ ಬೇಡ ಅಂದರೂ ನೆಟ್ಟಗೇ ನಿಲ್ಲುತ್ತಾನೆ!

"ಯವ್ವಾ, ನಿಮ್ಮ ಹೊಲದಾಗ ಬಾವಿ ಅದ ಏನ್ರಿ?"

"ಅದ. ಮೆಟ್ಟಲ ಬಾವಿ. ಈ ಸಲ ತುಂಬ್ಯದ."

"ನಿಮಗ ಈಜು ಬರ್ತದೇನ್ರಿ?" ಅಂತ ಐನಾಪುರಕ್ಕೆ ಕೇಳಿದೆ.

ಅವಳು ಅವತ್ತು ಮೊದಲ ಸಲ ನನ್ನ ಮುಖ ನೋಡಿದಳು. "ತವರ ಮನ್ಯಾಗ ದಿನಾ ಜಿಗೀತಿದ್ದೆ. ಲಗ್ನ ಆದ್ಮ್ಯಾಲ ಬಿಟ್ಟೀನಿ."

ಎಲ್ಲರೂ ಅತ್ತೆಯ ಕಡೆ ತಿರುಗಿದೆವು. ಸೊಸೆ ಬಾವಿಗಿಳಿಯುವುದು, ಡಾಕ್ಟರ್ ಅನ್ನೋ ಒಬ್ಬ ಗಂಡು ದಂಡೆಯಲ್ಲಿ ನಿಲ್ಲುವುದು! ಅತ್ತೆ ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು ಅಂದಳು: "ಅಕಿ ಇಳೀಲಿ. ನೀ ಬಾವಿಗೆ ಬೆನ್ನು ಕೊಟ್ಟು ಕುಂದರಬೇಕು. ತಿರಗಿ ನೋಡಿದೀಂದ್ರ ಎಮ್ಮಿ ಕಟ್ಟೋ ಗೂಟ ಅದ ನೋಡು."

"ನೋಡದ ಹ್ಯಾಂಗ ಹೇಳ್ಕೊಡ್ಲಿ ಯವ್ವಾ?"

"ಅದು ನಿನ್ನ ವಿದ್ಯಾ."

ಹಾಗೆ ಶುರುವಾಯಿತು ನೋಡ್ರಿ, ನನ್ನ ವೃತ್ತಿಯ ಅತಿ ವಿಚಿತ್ರ ಪಾಳಿ! ಚೂಡಿದಾರದ ಮೇಲೆ ಸೊಂಟಕ್ಕೆ ಎರಡು ಖಾಲಿ ಎಣ್ಣೆ ಡಬ್ಬಿ, ಮೇಲಿನ ಬೇವಿನ ಬೊಡ್ಡೆಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಅವಳ ನಡುವಿಗೆ. ಅತ್ತೆ ಮೆಟ್ಟಿಲ ಮೇಲೆ ಕಾವಲು. ನಾನು ಬೇವಿನ ನೆರಳಲ್ಲಿ, ಬಾವಿಗೆ ಬೆನ್ನು, ಮುಖ ತೊಗರಿ ಹೊಲಕ್ಕೆ.

"ಎದಿ ಮುಂದ ಜರಾ ಬಾಗಿರ್ಲಿ! ಮೊಣಕಾಲು ಎತ್ತ್ರಿ, ಹಿಮ್ಮಡ ಹಿಂದಕ್ಕ ಎಳೀರಿ! ಕೈ ರೋಡಿನ ಮ್ಯಾಲ ಓಡಿದಂಗೇ ಇರ್ಲಿ!" ಅಂತ ತೊಗರಿಗೆ ಒದರಿದೆ.

"ಮೊಣಕಾಲು ಮ್ಯಾಲ ಬರ್ಲಿಕತ್ತದ" ಅಂತ ಅತ್ತೆಯ ವರದಿ. "ಕೈ ನಾಯಿ ಈಜಿದಂಗ ಆಗ್ಲಿಕತ್ತಾವ."

ಮೊದಲ ದಿನ ಎಲ್ಲ ಅತ್ತೆಯ ಕಣ್ಣಿನಿಂದಲೇ. ಎರಡನೆಯ ಸಲ ಕೂತಾಗ ನನ್ನ ಕಿವಿ ತೆರೆಯಿತು. ಅಣಕಿಸುವವನಿಗೆ ಕಿವಿಯೇ ಬಂಡವಾಳ. ಬಾವಿ ಅಂದರೆ ಕಲ್ಲಿನ ಮಡಿಕೆ, ಸಣ್ಣ ಸಪ್ಪಳವನ್ನೂ ದೊಡ್ಡದು ಮಾಡಿ ಮೇಲಕ್ಕೆ ಕಳಿಸುತ್ತದೆ. ಬಲಗಾಲು ನೀರು ಎಳೆದಾಗ "ಗುಳುಂ". ಎಡಗಾಲು ಎಳೆದಾಗ "ಗುಳು", ಅಷ್ಟೇ, ಬಾಲವಿಲ್ಲ. ಕೂತಲ್ಲೇ ನನ್ನ ಕಾಲನ್ನು ಆ ತಾಳಕ್ಕೆ ಆಡಿಸಿ ನೋಡಿದೆ. ಅವಳು ಎಡಗಾಲನ್ನು ಪೂರ್ತಿ ಹಿಂದಕ್ಕೆ ಒಯ್ಯುತ್ತಿಲ್ಲ. ನೋವಿಲ್ಲದ ನೀರಿನಲ್ಲೂ ನೋವಿನ ಅಂಜಿಕೆ ಉಳಿದಿದೆ.

"ಎಡಗಾಲು ಕಾಮಚೋರ ಆಗ್ಯದ! ಹಿಂದಕ್ಕ ಪೂರಾ ಒಯ್ರಿ, ಅಲ್ಲಿ ನೆಲ ಇಲ್ಲ, ಹೊಡತ ಬೀಳಂಗಿಲ್ಲ!"

ಸಪ್ಪಳ ನಿಂತಿತು. ಆಮೇಲೆ ಬಾವಿಯೊಳಗಿಂದ ದನಿ: "ಅತ್ತಿ, ಇವರು ತಿರಗಿ ನೋಡಿದ್ರೇನು?"

"ಇಲ್ಲವ್ವ, ನಾ ಗೂಟ ಹಿಡಕೊಂಡೇ ನಿಂತೀನಿ."

"ಹಂಗಾದ್ರ ಕಣ್ಣು ಎಲ್ಲ್ಯವ ಇವರಿಗೆ?"

ಗುಳುಂ, ಗುಳುಂ. ಎರಡೂ ಕಾಲಿಗೆ ಬಾಲ ಬಂತು. ನಾನು ತೊಗರಿಯ ಕಡೆ ನೋಡಿ ಒಬ್ಬನೇ ಹಲ್ಲು ಕಿಸಿದೆ. ಇಷ್ಟು ಖುಷಿ ನನಗೆ ಡಿಗ್ರಿ ಸರ್ಟಿಫಿಕೇಟು ಕೊಟ್ಟ ದಿನವೂ ಆಗಿರಲಿಲ್ಲ.

ನಾನಿಲ್ಲದ ದಿನಗಳಲ್ಲಿ ಅತ್ತೆಯೇ ಹಗ್ಗ ಹಿಡಿದು ನಿಂತು, ಆ ಸಪ್ಪಳವನ್ನು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಚಿತ್ತಾಪುರದ ಬಸ್ ನಿಲ್ದಾಣದಲ್ಲೋ ವಾಡಿಯ ಪ್ಲಾಟ್‌ಫಾರ್ಮಿನಲ್ಲೋ ಕಿವಿಗೆ ಮೊಬೈಲು ಒತ್ತಿ, ಕಣ್ಣು ಮುಚ್ಚಿ ಗುಳುಂ ಗುಳುಂ ಕೇಳುತ್ತ ತಲೆಯಾಡಿಸುವ ಹುಡುಗನನ್ನು ನೀವು ನೋಡಿದ್ದರೆ ಅದು ನಾನು.

ಮಾಸ್ತರು ಬಂದದ್ದು ನಂತರದ ವಾರ. ಅವರಿಗೂ ಅದೇ ಕಾನೂನು. ಬೇವಿನ ಕೆಳಗೆ ಇಬ್ಬರು ಗಂಡಸರು, ಬಾವಿಗೆ ಬೆನ್ನು, ಮೊಣಕಾಲ ಮೇಲೆ ಕೈ. ದಾರಿಯಲ್ಲಿ ಹೋಗುವವರು ಹೆಣ್ಣು ನೋಡಲಿಕ್ಕೆ ಬಂದು ಸಿಟ್ಟಾಗಿ ಕೂತ ಬೀಗರು ಅಂದುಕೊಂಡಿರಬೇಕು.

"ಇದೇನು ಓಟನೋ? ಎಮ್ಮಿ ಮೈ ತೊಳದಂಗ ಅದ" ಅಂದರು ಮಾಸ್ತರು.

"ನಿಮ್ಮ ಸೀಟಿ ಊದ್ರಿ. ಒಂದು ಸೀಟಿಗೆ ಜೋರು, ಎರಡನೇದಕ್ಕ ಸಾವಕಾಶ."

ಸೀಟಿ ಊದಿದರು. ಬಾವಿ ಕುದಿಯಿತು. ಮತ್ತೆ ಊದಿದರು, ಇಳಿಯಿತು. ನಾಲ್ಕೈದು ಸಲ ಆದ ಮೇಲೆ ಅವರು ಸೀಟಿ ಬಾಯಿಂದ ತೆಗೆದು ಬರೀ ಕೇಳತೊಡಗಿದರು. ಬಾವಿಯಿಂದ ಅವಳ ಉಸಿರು ಮೇಲೆ ಬರುತ್ತಿತ್ತು. ಹೂ... ಹಾ... ಹೂ... ಹಾ. ಎರಡನೇ ಸುತ್ತಿನ ಕೊನೆಯಲ್ಲಿ ಓಟಗಾರರಿಗೆ ಹೊತ್ತಿಕೊಳ್ಳುವ ಉಸಿರು ಅದು. ಜೀವನವಿಡೀ ಅದನ್ನೇ ಕೇಳಿದ ಮನುಷ್ಯ. ಕೊನೆಗೆ ನನ್ನ ಕಡೆ ವಾಲಿ, ಪಿಸುದನಿಯಲ್ಲಿ ಅಂದರು: "ದಮ್ಮ ಖರೇ ಅದಲೇ."

ಅಲ್ಲಿಂದ ಮುಂದೆ ನಾವಿಬ್ಬರೂ ಒಂದು ಪಕ್ಷ. ದಡದ ಮೇಲಿನ ಕೆಲಸವೂ ನಡೆದಿತ್ತು: ಮನೆಯ ಕಟ್ಟೆಯ ಅಂಚಿನ ಮೇಲೆ ಬೆರಳೂರಿ ಹಿಮ್ಮಡ ಏರಿಸಿ ಇಳಿಸುವುದು, ಗೋಡೆಗೆ ಒರಗಿ ಪಾದದ ಮುಂಭಾಗ ಎತ್ತುವುದು. ಅವಳದೇ ಅಳತೆಯ ಬೂಟು ಬಂತು. ಪರೀಕ್ಷೆಯ ದಿನ ಹೊಸ ಬೂಟು ಹಾಕುವಷ್ಟು ದೊಡ್ಡ ತಪ್ಪು ಇನ್ನೊಂದಿಲ್ಲ, ಆದ್ದರಿಂದ ಈಗಿನಿಂದಲೇ ಹೊಲಕ್ಕೆ ಹೋದರೂ ಅದೇ ಬೂಟು. ಅತ್ತೆ ಗೊಣಗಿದಳು, "ಸಾವಿರ ರೂಪಾಯ್ದು ಹಾಕ್ಕೊಂಡು ಸಗಣಿ ತುಳೀತಾಳ."

ಎಲುಬು ಒತ್ತಿದರೆ ನೋವಿಲ್ಲ, ಒಂಟಿಕಾಲಲ್ಲಿ ಕುಣಿದರೆ ನೋವಿಲ್ಲ ಅನ್ನುವಂತಾದ ಮೇಲೆ ಸೇಡಂ ಡಾಕ್ಟರ ಒಪ್ಪಿಗೆ ಪಡೆದು ನೆಲಕ್ಕೆ ಇಳಿಸಿದೆವು. ಮಳೆ ಹೋಗಿತ್ತು, ತೊಗರಿ ಹೊಲದ ಪಕ್ಕದ ಬಂಡಿ ದಾರಿ ಒಣಗಿ, ಹುಡಿಮಣ್ಣೆದ್ದು ಮೆತ್ತಗಾಗಿತ್ತು. ಒಂದಿಷ್ಟು ನಡಿಗೆ, ಒಂದಿಷ್ಟು ಓಟ, ದಿನ ಬಿಟ್ಟು ದಿನ. ನಡುವಿನ ದಿನ ಬಾವಿ. ಕಾನೂನು ಒಂದೇ: ಓಡುವಾಗ ಏನು ಅನ್ನಿಸಿತು ಅನ್ನೋದಕ್ಕಿಂತ ಮರುದಿನ ಮುಂಜಾನೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆ ಏನು ಹೇಳುತ್ತದೆ ಅನ್ನೋದು ಮುಖ್ಯ. ಒಂದು ಮುಂಜಾನೆ ಆ ಹೆಜ್ಜೆ "ಸ್ವಲ್ಪ ನೋವದ" ಅಂತು. ಮಾಸ್ತರು ನನಗಿಂತ ಮೊದಲೇ ಒದರಿದರು: "ಏ ಐನಾಪುರ! ಬಾವಿಗಿಳಿ!"

ಬಳ್ಳಾರಿಗೆ ಹೊರಡುವ ದಿನ ಬಂತು. ಪರೀಕ್ಷೆಗೆ ಎರಡು ದಿನ ಮೊದಲೇ ಮುಟ್ಟಿ ಒಂದು ದಿನ ಮೈ ಬಿಡಿಸಿಕೊಳ್ಳಬೇಕು ಅಂತ ನನ್ನ ಹಟ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ, ಹಾಗಾಗಿ ಅತ್ತೆಯೂ ಹೊರಟಳು. ರೊಟ್ಟಿ, ಶೇಂಗಾ ಹಿಂಡಿ, ಬಾಳೆಹಣ್ಣಿನ ಗಂಟು ಅವಳ ಮಡಿಲಲ್ಲಿ. ದಾರಿಯ ಬಜಿ ಗಿಜಿ ಬಂದ್. ಸೇಡಂನಲ್ಲಿ ನಾನೂ ಹತ್ತಿದೆ. ಬಸ್ಸು ಕಿಕ್ಕಿರಿದಿತ್ತು. ನಡುದಾರಿಯ ಬದಿಯ ಸೀಟು ಅವಳಿಗೆ ಬೇಕು, ಎಡಗಾಲು ಚಾಚಲಿಕ್ಕೆ ಅಂತ ಕಂಡಕ್ಟರನಿಗೆ ಹೇಳಿದೆ.

"ಕಾಲು ಚಾಚಲಿಕ್ಕೆ ಇದೇನು ನಿಮ್ಮ ಮನಿ ಪಡಸಾಲಿ ಏನ್ರಿ?" ಅಂದ. ಆದರೂ ಕೊಡಿಸಿದ.

ದಾರಿಯುದ್ದಕ್ಕೂ ನನ್ನ ಪಾಠ: ಪಾದ ಮೇಲೆ ಕೆಳಗೆ ಆಡಿಸು, ಮೀನಖಂಡ ಬಿಗಿ, ಬಿಡು. ನಿಲ್ದಾಣ ಬಂದಾಗ ಇಳಿದು ನಾಲ್ಕು ಹೆಜ್ಜೆ ಹಾಕು. ಕುತ್ತಿಗೆ ತೂಗಾಡಿಸಿ ಮಲಗಬೇಡ. ನೀರು ಗುಟುಕು ಗುಟುಕಾಗಿ ಕುಡಿಯುತ್ತಿರು. "ಹೂಂನ್ರಿ" ಅನ್ನುತ್ತಿದ್ದಳು, ಬಾಟಲಿ ಎತ್ತುತ್ತಿದ್ದಳು. ನಾನು ತೃಪ್ತನಾಗಿ ಕುಡುಗೋಲಿನ ಆಕಾರದಲ್ಲಿ ನಿದ್ದೆ ಹೋದೆ.

ರಾಯಚೂರಿನಲ್ಲಿ ಇಳಿಯುವಾಗ ಅವಳು ಮೆಟ್ಟಿಲ ಮೇಲೇ ಚೀರಿದಳು. ನಾನು ಮೊದಲು ಎಲುಬು ಒತ್ತಿ ನೋಡಿದೆ. ಎಲುಬಲ್ಲ, ಪುಣ್ಯ. ಮೀನಖಂಡ ಕಲ್ಲಿನಂತೆ ಗಂಟು ಹಾಕಿಕೊಂಡಿತ್ತು. ಅಲ್ಲೇ ಕೂರಿಸಿ, ಪಾದವನ್ನು ಮೊಣಕಾಲ ಕಡೆ ಮಡಚಿ ಹಿಡಿದು, ಸಾವಕಾಶ ಸಡಿಲಿಸಿದೆ. ಬಾಟಲಿ ಎತ್ತಿ ನೋಡಿದರೆ ತುಂಬಿದ್ದು ತುಂಬಿದಂತೇ ಇದೆ.

"ಕುಡದೇ ಇಲ್ಲೇನು?"

"ತುಟಿಗೆ ಹಚ್ಚೀನ್ರಿ."

"ಯಾಕ?"

ಸೊಸೆ ನೆಲ ನೋಡಿದಳು. ಅತ್ತೆ ನನ್ನ ನೋಡಿದಳು. "ಕುಡದ ಮ್ಯಾಲ ಎಲ್ಲಿ ಹೋಗಬೇಕು ತಮ್ಮಾ? ನೀವು ಗಂಡಸರು, ಗಿಡದ ಮಗ್ಗಲಕ್ಕ ನಿಂತ್ಕೋತೀರಿ. ನಾವು ಪ್ರಯಾಣ ಅಂದ್ರ ಹಿಂದಿನ ದಿನಾನೇ ನೀರು ಬಿಡೋರು. ನಾನೂ ಹಂಗೇ, ನಮ್ಮವ್ವನೂ ಹಂಗೇ."

ಐದು ಊರಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ "ನೀರು 2 ಲೀಟರ್ ಕುಡೀರಿ" ಅಂತ ಬರೆದುಕೊಟ್ಟಿದ್ದೇನೋ! ಎಲ್ಲಿ ಹೋಗುತ್ತೀರಿ ಅಂತ ಒಬ್ಬರನ್ನೂ ಕೇಳಿರಲಿಲ್ಲ. ಅವತ್ತಿನಿಂದ ಅದನ್ನೇ ಮೊದಲು ಕೇಳುತ್ತೇನೆ. ಆಗ ಮಾತ್ರ ಮೆಡಿಕಲ್‌ಗೆ ಓಡಿ ಓಆರ್‌ಎಸ್ ಪುಡಿ ತಂದೆ. ಅತ್ತೆ ಅಷ್ಟರಲ್ಲಿ ನಿಲ್ದಾಣದ ಶೌಚಾಲಯವನ್ನು ಇನ್‌ಸ್ಪೆಕ್ಟರಳಂತೆ ಒಳಹೊಕ್ಕು ನೋಡಿ, ಅಲ್ಲಿದ್ದವನಿಂದ ಎರಡು ಬಕೆಟ್ ನೀರು ಹೊಡೆಸಿ, ಬಾಗಿಲಲ್ಲಿ ಸೆರಗು ಬಿಗಿದು ನಿಂತಿದ್ದಳು. "ನಡೀತದ. ಕುಡಿ ಹುಡುಗಿ, ನಾ ಅದೀನಿ." ಅಲ್ಲಿಂದ ಬಳ್ಳಾರಿಯ ತನಕ ಬಸ್ಸು ನಿಂತಲ್ಲೆಲ್ಲ ಅತ್ತೆ ಮುಂದೆ, ನಾವು ಹಿಂದೆ. ಬಾಟಲಿ ಖಾಲಿಯಾಗುತ್ತ ಬಂತು.

ಪರೀಕ್ಷೆಯ ಮುಂಜಾನೆ ಮಾಸ್ತರು ಬೇರೆ ಬಸ್ಸಿನಲ್ಲಿ ಬಂದು ಕೂಡಿಕೊಂಡರು. ಗೇಟಿನ ಹೊರಗೇ ಅವಳಿಗೆ ಮೈ ಬಿಸಿ ಮಾಡಿಸಿಬಿಟ್ಟರು. ಒಳಗೆ ಹೋದರೆ ಸಾಲು, ಎತ್ತರದ ಅಳತೆ, ಎದೆಗೆ ನಂಬರು, ಮತ್ತೆ ಸಾಲು. ಬಿಸಿಯಾದ ಮೈ ಆರುತ್ತ ಬಂತು. ನಾನು ಬೇಲಿಯಾಚೆಯಿಂದ ಕೈಸನ್ನೆ ಮಾಡಿದೆ: ಕೂರಬೇಡ, ನಿಂತಲ್ಲೇ ಹಿಮ್ಮಡ ಎತ್ತು, ಗುಟುಕು ನೀರು, ಹೆಸರು ಕರೆಯುವ ಹೊತ್ತಿಗೆ ಮತ್ತೊಮ್ಮೆ ಕಾಲು ಬೀಸು. ನನ್ನ ಸನ್ನೆ ನೋಡಿ ಬೇರೆ ಊರಿನ ಹುಡುಗಿಯರೂ ಹಿಮ್ಮಡ ಎತ್ತತೊಡಗಿದರು!

ಬಂದೂಕಿನ ಸದ್ದು. ಧೂಳು. ಮೊದಲ ಸುತ್ತಿನಲ್ಲಿ ಅವಳು ಗುಂಪಿನ ಬಾಲದಲ್ಲಿದ್ದಳು. ಮಾಸ್ತರು ನನ್ನ ಭುಜವನ್ನು ಹಿಂಡುತ್ತಿದ್ದರು, ನಾನು ಬೇಲಿಯನ್ನು. ಕಣ್ಣು ಮುಚ್ಚಿಕೊಂಡೆ. ಅಷ್ಟು ಮಂದಿಯ ನಡುವೆ ಅವಳ ಹೆಜ್ಜೆ ನನಗೆ ಗೊತ್ತು: ಎರಡೂ ಸಮ, ಎರಡಕ್ಕೂ ಬಾಲ. ಅಂಜಿಕೆ ಇಲ್ಲ. ಕಣ್ಣು ತೆರೆದರೆ ಎರಡನೇ ಸುತ್ತಿನ ತಿರುವಿನಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಿದ್ದಾಳೆ. ನಾನು ಬೇಲಿಯುದ್ದಕ್ಕೂ ಅವಳಂತೆಯೇ ಕೈ ಬೀಸುತ್ತ ಓಡುತ್ತಿದ್ದೇನೆ, ನನಗೇ ಗೊತ್ತಿಲ್ಲದೆ. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಾಳೆ. ಗೆರೆ ದಾಟಿದಳು. ಗಡಿಯಾರ ಹಿಡಿದವನು ನಂಬರು ಬರೆದುಕೊಂಡು ಬಲಗಡೆ ಕೈ ತೋರಿಸಿದ. ಎಡಗಡೆ ಅಂದರೆ ಮನೆಗೆ. ಬಲಗಡೆ ಅಂದರೆ ಪಾಸು!

ಮಾಸ್ತರು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. ನನ್ನ ಸೊಂಟದಲ್ಲಿ ಏನೋ ಕಟಕ್ ಅಂತು, ವರ್ಷದಿಂದ ಜಾಮ್ ಆಗಿದ್ದ ಕಿಟಕಿ ತೆರೆಯಿತು ಅನ್ನಿಸುತ್ತದೆ.

ಉಳಿದದ್ದು ಲಾಂಗ್ ಜಂಪ್. ಅದನ್ನೂ ಅವಳು ದಾಟಿದಳು, ಕಾಯಿಸದೆ ಹೇಳಿಬಿಡುತ್ತೇನೆ. ಹೇಳಬೇಕಾದದ್ದು ಅದರ ಮುಂಚಿನ ಒಂದು ನಿಮಿಷದ್ದು. ಮರಳಿನ ಗುಂಡಿ ಬೇಲಿಯ ಒಂದು ಸಂದಿಯ ಪಕ್ಕದಲ್ಲೇ ಇತ್ತು. ಗೆಲುವಿನ ಅಮಲಿನಲ್ಲಿ ನಾವಿಬ್ಬರೂ ಆ ಸಂದಿಯಿಂದ ಒಳಗೆ ನುಗ್ಗಿ ಅವಳೆದುರು ನಿಂತೆವು.

"ಬಲಗಾಲಿನಿಂದ ಹಾರ್ರಿ. ಎಡಗಾಲಿನ ಮ್ಯಾಲ ಪೂರಾ ಭಾರ ಹಾಕಬ್ಯಾಡ್ರಿ, ಎಲುಬು ಇನ್ನೂ ಹಸೀ ಅದ" ಅಂದೆ ನಾನು.

"ಏ, ಹುಟ್ಟಾ ಎಡಗಾಲಿನಿಂದ ಹಾರ್ತಾಳ ಅಕಿ! ಇವತ್ತ ಕಾಲು ಬದಲಿಸಿದ್ರ ಬಾಯಿ ಅಡಿ ಆಗಿ ಬೀಳ್ತಾಳ" ಅಂದರು ಮಾಸ್ತರು.

"ಮಾಸ್ತರ, ಎಲುಬಿನ ವಿಷಯ ನನಗ ಬಿಡ್ರಿ."

"ಹಾರೋ ವಿಷಯ ನನಗ ಬಿಡಲೇ!"

ಅಧಿಕಾರಿ ಅವಳ ನಂಬರು ಕೂಗಿದ. ನಾವಿಬ್ಬರೂ ಮೂಗಿಗೆ ಮೂಗು ಹಚ್ಚಿ ನಿಂತಿದ್ದೆವು. ಐನಾಪುರ ನನ್ನ ಕಡೆ ತಿರುಗಿದಳು.

"ಡಾಕ್ಟ್ರೇ, ನೀವು ಎಂದಾದ್ರೂ ಲಾಂಗ್ ಜಂಪ್ ಹಾರೀರೇನ್ರಿ?"

"ಇಲ್ರಿ" ಅಂದೆ.

"ಮಾಸ್ತರ, ನಿಮಗ ಎಂದಾದ್ರೂ ಎಲುಬು ನೋವಾಗ್ಯದೇನ್ರಿ?"

"ಇಲ್ಲವಾ" ಅಂದರು ಅವರು.

"ಹಂಗಾದ್ರ ಇಬ್ರೂ ಬಾಜೂಕ ಸರೀರಿ. ಮರಳು ಕಾಣವಲ್ದು."